ಬೀಗರ ಮನೆಯ ಬೆಟ್ಟ

ನಮ್ಮ ವಿಜಯಪುರ ಸೀಮೆಯವರಿಗೆ ಬೆಟ್ಟವೆಂಬುದು ದೂರದ ನೆಂಟ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಹೆಚ್ಚಿನ ಊರುಗಳ ಮಾಳಿಗೆಯ ಮೇಲೆ ನಿಂತು ನೋಡಿದರೆ ಕಣ್ಣಿಗೆ ಅಡ್ಡವಾಗುವುದು ಒಂದು ಬೇವಿನ ಮರ, ಇಲ್ಲವೆ ಪಕ್ಕದೂರಿನ ಗುಡಿಯ ಶಿಖರ. ಮಿಕ್ಕದ್ದೆಲ್ಲ ಎರೆಯ ನೆಲ, ಬಿಳಿಜೋಳದ ಹೊಲ, ಅದರಾಚೆಗೆ ಮುಗಿಲು. ಕೃಷ್ಣೆಯ ದಂಡೆಯ ಕಡೆಗೆ ಒಂದಷ್ಟು ಕಲ್ಲುಗುಡ್ಡಗಳಿವೆ. ಅವನ್ನು ಬೆಟ್ಟವೆಂದು ಕರೆಯುವುದು ಮರ್ಯಾದೆಯ ಮಾತಾದೀತು. ಆದರೂ ನಮ್ಮ ಹಳ್ಳಿಯ ಮುದುಕಿಯೊಬ್ಬಳು 'ಪರ್ವತ' ಎಂದರೆ ಯಾವ ಪರ್ವತವೆಂದು ಯಾರೂ ಕೇಳುವುದಿಲ್ಲ. ಅದು ಶ್ರೀಶೈಲ. ಅಲ್ಲಿರುವವನು ಪರ್ವತ ಮಲ್ಲಯ್ಯ.

ಹೋಳಿಹುಣ್ಣಿಮೆ ಮುಗಿದು ಯುಗಾದಿ ಸಮೀಪಿಸುವ ಹೊತ್ತಿಗೆ ನಮ್ಮ ರಸ್ತೆಗಳ ಮೇಲೆ ಈ ಪರ್ವತದ ಯಾತ್ರಿಕರು ಕಾಣತೊಡಗುತ್ತಾರೆ. ಹೆಗಲ ಮೇಲೊಂದು ಚೀಲ, ಕೈಯಲ್ಲೊಂದು ಕೋಲು, ಕೆಲವರ ಹೆಗಲ ಮೇಲೆ ಮಲ್ಲಯ್ಯನ ಕಂಬಿ. ಗುಂಪು ಗುಂಪಾಗಿ ಕೃಷ್ಣೆಯನ್ನು ದಾಟಿ, ರಾಯಚೂರು ಸೀಮೆಯ ಮೇಲಿಂದ ಆಂಧ್ರದ ಕರ್ನೂಲು, ಆತ್ಮಕೂರುಗಳತ್ತ ನಡೆಯುತ್ತಾರೆ. ಮುದ್ದೇಬಿಹಾಳದಿಂದ ಹಿಡಿದರೂ 300 ಕಿಲೊಮೀಟರಿಗೆ ಮಿಕ್ಕ ಹಾದಿ. ಇಂಡಿಯವರಿಗೆ ಅದಕ್ಕಿಂತ ಎಷ್ಟೋ ಹೆಚ್ಚು. ಸುಗ್ಗಿ ಮುಗಿಸಿದ ರೈತ, ಕೂಲಿಯ ಹೆಣ್ಣುಮಗಳು, ಕಾಲೇಜಿನ ಹುಡುಗ, ಅಂಗಡಿಯ ಗುಮಾಸ್ತ ಎಲ್ಲರೂ ಈ ಗುಂಪಿನಲ್ಲಿದ್ದಾರೆ. ದಾರಿಯ ಊರಿನವರು ಇವರಿಗೆ ಮಜ್ಜಿಗೆ ಕೊಡುತ್ತಾರೆ, ಅನ್ನ ನೀಡುತ್ತಾರೆ, ಬೊಬ್ಬೆಯೆದ್ದ ಕಾಲಿಗೆ ಎಣ್ಣೆ ಹಚ್ಚುತ್ತಾರೆ.

ಇದರಲ್ಲೊಂದು ಸೋಜಿಗವಿದೆ. ಗುಡಿಯನ್ನು ಮನುಷ್ಯನ ಮೈಯೊಳಗೇ ತೋರಿಸಿದ ಬಸವಣ್ಣನವರು ಹುಟ್ಟಿದ್ದು ಇದೇ ಬಾಗೇವಾಡಿಯ ನೆಲದಲ್ಲಿ. ಹಾಗಿದ್ದ ಮೇಲೆ ಆ ನೆಲದವರು ಬೆಟ್ಟದ ಮೇಲಿನ ಗುಡಿಗೆ ಇಷ್ಟು ದೂರ ಏಕೆ ನಡೆಯಬೇಕು? ಪಂಡಿತರು ಏನನ್ನಾದರೂ ಹೇಳಲಿ, ನಡೆಯುವವರನ್ನು ಹತ್ತಿರದಿಂದ ಕಂಡವರಿಗೆ ಇದು ವಿರೋಧವೆಂದು ತೋರುವುದಿಲ್ಲ. ಮೈಯೇ ಗುಡಿಯಾದರೆ ಆ ಗುಡಿಯನ್ನು ದಿನಕ್ಕೆ ಇಪ್ಪತ್ತೈದು ಮೂವತ್ತು ಕಿಲೊಮೀಟರು ಹೊತ್ತು ನಡೆಸುವುದೂ ಒಂದು ಪೂಜೆಯೇ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿಯೂ ಇದೇ ಬೆಟ್ಟವನ್ನು ಹುಡುಕಿಕೊಂಡು ಹೋದಳು. ಸೊನ್ನಲಿಗೆಯ ಸಿದ್ಧರಾಮ ಬಾಲಕನಾಗಿದ್ದಾಗಲೇ ಮಲ್ಲಯ್ಯನನ್ನು ಅರಸಿ ಅಲ್ಲಿಗೆ ಹೋದನೆಂಬುದು ನಮ್ಮ ಕಾವ್ಯಗಳು ಹೇಳುವ ಕಥೆ. ಆ ಸೊನ್ನಲಿಗೆಯೆಂದರೆ ಇಂದಿನ ಸೊಲ್ಲಾಪುರ, ನಮ್ಮ ಇಂಡಿಗೆ ನೆರೆಯ ಊರು.

ನಮ್ಮ ನದಿಗಳೂ ಅಲ್ಲಿಗೇ ಹೋಗುತ್ತವೆ. ಇಂಡಿ, ಸಿಂದಗಿಗಳ ಅಂಚಿನಲ್ಲಿ ಹರಿಯುವ ಭೀಮೆ ರಾಯಚೂರಿನ ಬಳಿ ಕೃಷ್ಣೆಯನ್ನು ಕೂಡುತ್ತದೆ. ಬಾಗೇವಾಡಿ, ತಾಳಿಕೋಟೆಗಳ ಕಡೆಯ ಡೋಣಿ ಅದಕ್ಕೂ ಮೊದಲೇ ಕೃಷ್ಣೆಗೆ ಸೇರಿರುತ್ತದೆ. ಈ ನಾಲ್ಕೂ ತಾಲೂಕುಗಳ ಹೊಲದ ಮೇಲೆ ಬಿದ್ದು ಹರಿದ ಮಳೆಯ ನೀರು, ದಾರಿಯ ಅಣೆಕಟ್ಟುಗಳು ಬಿಟ್ಟುಕೊಟ್ಟರೆ, ಶ್ರೀಶೈಲದ ಕೆಳಗಿನ ಪಾತಾಳಗಂಗೆಯನ್ನು ಮುಟ್ಟುತ್ತದೆ. ಜನ ನಡೆದು ತಲುಪುವಲ್ಲಿಗೆ ನೀರು ಹರಿದು ತಲುಪುತ್ತದೆ.

ಈಗ ಆ ಬೆಟ್ಟದ ಮಾತು. ಶ್ರೀಶೈಲವು ನಲ್ಲಮಲ ಎಂಬ ಬೆಟ್ಟಸಾಲಿನಲ್ಲಿದೆ. ತೆಲುಗಿನಲ್ಲಿ 'ನಲ್ಲ' ಎಂದರೆ ಕಪ್ಪು, 'ಮಲ' ಎಂದರೆ ಬೆಟ್ಟ. ಇದು ಹುಲಿಯ ಕಾಡು. ಹುಲಿಗಳನ್ನು ಉಳಿಸುವ ಯೋಜನೆ ದೇಶದಲ್ಲಿ 1973ರಲ್ಲಿ ಆರಂಭವಾಯಿತು. ಹತ್ತು ವರ್ಷದ ಮೇಲೆ, 1983ರಲ್ಲಿ, ಈ ಕಾಡು ಅದಕ್ಕೆ ಸೇರಿತು. 2014ರಲ್ಲಿ ಆಂಧ್ರಪ್ರದೇಶ ಎರಡಾದಾಗ ಕೃಷ್ಣೆಯ ಉತ್ತರದ ಕಾಡು ಅಮ್ರಾಬಾದ್ ಎಂಬ ಹೆಸರಿನಿಂದ ತೆಲಂಗಾಣಕ್ಕೆ ಹೋಯಿತು. ಹೀಗೆ ಪಾಲಾದ ಮೇಲೂ ನಾಗಾರ್ಜುನಸಾಗರ-ಶ್ರೀಶೈಲದ ರಕ್ಷಿತಾರಣ್ಯ ದೇಶದ ದೊಡ್ಡ ಹುಲಿ ಕಾಡುಗಳಲ್ಲೊಂದು. ಹುಲಿಯೊಡನೆ ಚಿರತೆ, ಕರಡಿ, ಕಡವೆ, ಜಿಂಕೆ, ನಾಲ್ಕು ಕೊಂಬಿನ ಕೊಂಡುಕುರಿ, ಚಿಪ್ಪುಹಂದಿಗಳೂ ಇಲ್ಲಿವೆ. ಇವೆಲ್ಲದರ ನಡುವೆ ಬಹುಕಾಲದಿಂದ ಬಾಳಿ ಬಂದ ಚೆಂಚು ಜನರಿದ್ದಾರೆ.

ನಾನು ಒಂದು ವರ್ಷ ಇಂಥ ಗುಂಪಿನೊಡನೆ ಆತ್ಮಕೂರಿನಿಂದಾಚೆಯ ಕಾಡುಹಾದಿಯನ್ನು ನಡೆದಿದ್ದೇನೆ. ವೆಂಕಟಾಪುರಂ ದಾಟಿದೊಡನೆ ಕಾಡು ಆರಂಭ. ನಾಗಲೂಟಿಯ ಹಳೆಯ ವೀರಭದ್ರನ ಗುಡಿ, ಪೆದ್ದಚೆರುವು ಎಂಬ ಕೆರೆ, ಅದರ ಮುಂದೆ ತೆಲುಗರು ಭೀಮುನಿ ಕೊಲನು ಎನ್ನುವ, ನಮ್ಮವರ ಬಾಯಲ್ಲಿ ಭೀಮನಕೊಳ್ಳವಾದ ಆಳದ ಕಣಿವೆ. ಅದನ್ನಿಳಿದು ಮತ್ತೆ ಏರಿದರೆ ಕೈಲಾಸದ್ವಾರ. ಯುಗಾದಿಯ ಹೊತ್ತಿಗೆ ಆ ಕಾಡಿನ ಮರಗಳು ಎಲೆಯುದುರಿಸಿ ನಿಂತಿರುತ್ತವೆ. ಹಳ್ಳಗಳಲ್ಲಿ ನೀರಿಲ್ಲ. ಬಿದ್ದ ಎಲೆಯ ಮೇಲೆ ಕಾಲಿಟ್ಟರೆ ಹಪ್ಪಳ ಮುರಿದ ಸದ್ದು. ಅಲ್ಲಿ ಇಲ್ಲಿ ಮುತ್ತುಗ ಮಾತ್ರ ಹೂಬಿಟ್ಟು ಕೆಂಪಾಗಿತ್ತು.

ಕೆರೆಯ ಬದಿಯ ಕೆಸರಿನಲ್ಲಿ ಒಂದು ದೊಡ್ಡ ಪಂಜದ ಗುರುತು ಕಂಡಿತು. ನಮ್ಮ ಗುಂಪಿನ ಅಜ್ಜಿಯೊಬ್ಬಳು ಅದರ ಮುಂದೆ ನಿಂತು ಕೈಮುಗಿದು, "ಹಿರಿಯಾಂವ ಹಾದು ಹೋಗ್ಯಾನ" ಎಂದಳು. ಹುಲಿಯೆಂಬ ಹೆಸರನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಅಷ್ಟು ಹೊತ್ತಿನಿಂದ ಜಯಘೋಷ ಮಾಡುತ್ತಿದ್ದ ಹುಡುಗರೂ ಮೆಲ್ಲಗೆ ಮಾತಾಡತೊಡಗಿದರು. ಬಯಲಿನಲ್ಲಿ ಹುಟ್ಟಿ ಬೆಳೆದವರು ನಾವು. ನಾವು ಕಾಣದ್ದು ಯಾವುದೂ ನಮ್ಮ ಹತ್ತಿರ ಇರಲಾರದೆಂಬುದು ನಮ್ಮ ಕಣ್ಣಿನ ರೂಢಿ. ಆ ಕಾಡಿನಲ್ಲಿ ಮೊದಲ ಸಲ ಆ ರೂಢಿ ತಪ್ಪಿತು. ನಾವು ಕಾಣದ ಒಬ್ಬರು ನಮ್ಮನ್ನು ಕಾಣುತ್ತಿದ್ದಾರೆ ಎಂಬ ಅರಿವು ಬಂದಿತು. ಭಕ್ತಿಯೆಂಬುದರ ಮೊದಲ ಮೆಟ್ಟಿಲು ಇದೇ ಅಲ್ಲವೆ? ಆ ಕಾಡಿನಿಂದ ಹುಲಿಯನ್ನು ತೆಗೆದುಬಿಟ್ಟರೆ ಶ್ರೀಶೈಲಕ್ಕೆ ಹೋಗುವ ಹಾದಿ ಬರಿಯ ಏರುದಾರಿಯಾಗುತ್ತದೆ. ಆ ಮೃಗಗಳು ಯಾತ್ರೆಗೆ ಅಡ್ಡಿಯೆಂದು ತಿಳಿಯುವವರು ಬೆಟ್ಟದ ಮಹಿಮೆಯ ಅರ್ಧವನ್ನು ತಾವೇ ಬಿಟ್ಟುಕೊಟ್ಟಂತೆ.

ಅದೇ ಹಾದಿಯಲ್ಲಿ ಅರಣ್ಯ ಇಲಾಖೆಯ ಫಲಕವೊಂದಿತ್ತು. ಪ್ಲಾಸ್ಟಿಕ್ಕು ಬಿಸುಡಬಾರದು, ಬೆಂಕಿ ಹಚ್ಚಬಾರದು, ಹಾದಿ ಬಿಟ್ಟು ಹೋಗಬಾರದು ಎಂದು ಮುಂತಾಗಿ. ಸಿಂದಗಿಯ ಕಡೆಯ ಅಜ್ಜನೊಬ್ಬನಿಗೆ ನಾನು ಅದನ್ನು ಓದಿ ಹೇಳಿದೆ. ಅವನೆಂದ: "ಮಾಸ್ತರ, ನಮ್ಮಪ್ಪ ಇದ ಹಾದೀಲೆ ಬಂದಿದ್ದ, ಅವರಪ್ಪಾನೂ ಬಂದಿದ್ದ. ಆವಾಗ ಈ ಬೋರ್ಡ ಇದ್ದಿಲ್ಲ. ನಾವು ಬೇಟಿಗೆ ಬಂದೀವೇನು, ಕಟಗಿ ಕಡ್ಯಾಕ ಬಂದೀವೇನು? ಮಲ್ಲಯ್ಯಗ ಬಂದೀವಿ. ಅಪ್ಪ ಮಾಡಿದ್ದ ಪುಣ್ಯ ಆದ್ರ ಮಗ ಮಾಡಿದ್ದು ತಪ್ಪ ಹೆಂಗ ಆಕ್ಕೈತಿ?"

ಈ ಪ್ರಶ್ನೆಯನ್ನು ಅಜ್ಞಾನಿಯ ಮಾತೆಂದು ತಳ್ಳಿಹಾಕುವಂತಿಲ್ಲ. ಇದು ನೀತಿಶಾಸ್ತ್ರದ ಒಂದು ಗಟ್ಟಿ ಪ್ರಶ್ನೆ. ಕೆಲಸ ಅದೇ, ಭಾವ ಅದೇ, ಹಾದಿ ಅದೇ. ಮಾಡುವವನ ಮನಸ್ಸಿನಲ್ಲಿ ಕಿಂಚಿತ್ತೂ ಕೇಡಿಲ್ಲ. ಹಾಗಿರುವಾಗ ಒಂದು ತಲೆಮಾರಿನಲ್ಲಿ ನಿರ್ದೋಷವಾಗಿದ್ದುದು ಇನ್ನೊಂದರಲ್ಲಿ ದೋಷವಾಗುವುದು ಹೇಗೆ?

ನಮ್ಮ ಹೊಲದ ರೂಢಿಯೊಂದನ್ನು ನೆನೆದರೆ ಇದಕ್ಕೆ ಉತ್ತರದ ಹಾದಿ ತೋರೀತು. ಜೋಳ ಹಾಲ್ದುಂಬಿ ಕಾಳು ಬಲಿಯುವ ಕಾಲದಲ್ಲಿ ಹಾದಿಹೋಕನೊಬ್ಬ ಹೊಲಕ್ಕೆ ಬಂದರೆ ರೈತ ಅವನನ್ನು ಕೂಡಿಸಿ, ಎಳೆಯ ತೆನೆಗಳನ್ನು ಕೆಂಡದಲ್ಲಿ ಸುಟ್ಟು, ಉಜ್ಜಿ, ಸೀತನಿ ತಿನ್ನಲು ಕೊಡುತ್ತಾನೆ. ಯಾರೂ ಇಲ್ಲದಾಗ ಹಸಿದವನೊಬ್ಬ ತಾನೇ ಎರಡು ತೆನೆ ಮುರಿದುಕೊಂಡರೂ ನಮ್ಮ ಸೀಮೆಯಲ್ಲಿ ಅದನ್ನು ಕಳವು ಎನ್ನುವುದಿಲ್ಲ. ಆದರೆ ಜಾತ್ರೆಗೆ ಹೊರಟ ಸಾವಿರ ಮಂದಿ ಆ ಹೊಲಕ್ಕಿಳಿದು, ಒಬ್ಬೊಬ್ಬರು ಎರಡೆರಡೇ ತೆನೆ ಮುರಿದುಕೊಂಡರೆ? ಅವರಲ್ಲಿ ಯಾರೂ ಕಳ್ಳರಲ್ಲ. ಪ್ರತಿಯೊಬ್ಬನೂ ಹಿಂದಿನ ಹಾದಿಹೋಕನು ಮಾಡಿದಷ್ಟನ್ನೇ ಮಾಡಿದ್ದಾನೆ. ಸಂಜೆಗೆ ಮಾತ್ರ ರೈತನ ಮನೆಯಲ್ಲಿ ವರ್ಷದ ಅನ್ನವಿಲ್ಲ. ಹೊಲ ಕಳಕೊಂಡವನಿಗೆ ಅವರ ಭಾವಶುದ್ಧಿಯನ್ನು ಕಟ್ಟಿಕೊಂಡು ಏನಾಗಬೇಕಾಗಿದೆ?

ಈ ಮಾತಿಗೆ ಸಾಕ್ಷಿ ನಮ್ಮ ವಿಜಯಪುರದಲ್ಲೇ ಇದೆ. ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ, 1620ರಲ್ಲಿ ಕಟ್ಟಿದ ತಾಜ್ ಬಾವಡಿ ಒಂದು ಕಾಲಕ್ಕೆ ಊರಿಗೂ ಪರಸ್ಥಳದವರಿಗೂ ನೀರು ಕೊಟ್ಟ ಬಾವಿ. ಅದನ್ನು ಕೆಡಿಸಿದ್ದು ಯಾವ ವೈರಿಯ ದಂಡೂ ಅಲ್ಲ. ನಮ್ಮವರೇ ಅರಿವೆ ಒಗೆದರು, ಕಸ ಹಾಕಿದರು, ಭಕ್ತಿಯಿಂದ ಗಣಪತಿಯನ್ನು ತಂದು ಬಿಟ್ಟರು. 2016-17ರ ಸುಮಾರಿಗೆ ಹೂಳೆತ್ತುವವರೆಗೆ ಆ ನೀರಿನ ಹತ್ತಿರ ನಿಲ್ಲುವುದೇ ಕಷ್ಟವಾಗಿತ್ತು. ಗಣಪತಿಯನ್ನು ಬಿಟ್ಟ ಯಾವ ಮನೆಯವರೂ ಬಾವಿಯನ್ನು ಕೆಡಿಸಿದವರು ತಾವೆಂದು ತಿಳಿದಿರಲಾರರು. ಲೆಕ್ಕ ಹಾಕಿ ನೋಡಿದರೆ ಅವರ ತಿಳುವಳಿಕೆ ಸರಿಯೂ ಅಹುದು. ಒಂದು ಮೂರ್ತಿಯಿಂದ ಬಾವಿ ಕೆಡುವುದಿಲ್ಲ.

ಆದ್ದರಿಂದ ಅಜ್ಜನಿಗೆ ಹೇಳತಕ್ಕ ಉತ್ತರವಿಷ್ಟು: ನಿನ್ನಪ್ಪ ನಡೆದಾಗ ಆ ಹೆಜ್ಜೆ ಅವನೊಬ್ಬನದಾಗಿತ್ತು. ಇಂದು ನಿನ್ನ ಹೆಜ್ಜೆ ನಿನ್ನೊಬ್ಬನದಲ್ಲ. ನಿನ್ನ ಹಿಂದೆ ಮುಂದೆ ಲಕ್ಷಗಟ್ಟಲೆ ಜನರಿದ್ದಾರೆ. ಕೆಲಸದ ತೂಕವನ್ನು ಮಾಡುವವನ ಮನಸ್ಸಿನಿಂದ ಮಾತ್ರ ಅಳೆಯುವುದು ಸಾಲದು. ಎಲ್ಲರೂ ಕೂಡಿ ಮಾಡಿದಾಗ ಅದು ಯಾರ ಮೇಲೆ ಬೀಳುತ್ತದೆಂಬುದನ್ನೂ ನೋಡಬೇಕು. ನಲ್ಲಮಲದಲ್ಲಿ ಅದು ಬೀಳುವುದು ಬಿರುಬೇಸಿಗೆಯಲ್ಲಿ ಉಳಿದ ನಾಲ್ಕು ನೀರಿನ ಹೊಂಡಗಳ ಮೇಲೆ, ಹಗಲಿರುಳು ಜನರ ಸದ್ದಿರುವುದರಿಂದ ಅವುಗಳ ಹತ್ತಿರ ಬರಲಾರದ ಕಡವೆಗಳ ಮೇಲೆ, ಅಡಿಗೆಗೆ ಹೂಡಿದ ಒಲೆಯಿಂದ ಕಿಡಿ ಹಾರಿದರೆ ಉರಿದುಹೋಗುವ ಒಣ ಹುಲ್ಲಿನ ಮೇಲೆ. ಅವುಗಳಿಗೆ ಬಾಯಿಲ್ಲ.

ಇಲ್ಲಿ ದಾಸೋಹದ ಮಾತನ್ನೂ ಆಡಬೇಕು. ನಮ್ಮ ಸೀಮೆಯ ಪುಣ್ಯವಂತರು ಹಾದಿಯುದ್ದಕ್ಕೂ ಡೇರೆ ಹಾಕಿ ಬಂದವರಿಗೆಲ್ಲ ಉಣಬಡಿಸುತ್ತಾರೆ. ಅದನ್ನು ಉಂಡವನು ನಾನು. ಅದರ ರುಚಿಯನ್ನು ಮರೆತಿಲ್ಲ. ಆದರೆ ಪಂಗತಿ ಎದ್ದ ಮೇಲೆ ಹಾದಿಯ ಎರಡೂ ಬದಿಗೆ ಬಿದ್ದ ತಟ್ಟೆ, ಲೋಟ, ನೀರಿನ ಚೀಟಗಳನ್ನೂ ಕಂಡಿದ್ದೇನೆ. ನಮ್ಮ ಮನೆಗಳಲ್ಲಿ ನೀಡಿದವಳ ಕೆಲಸ ಅತಿಥಿ ಕೈ ತೊಳೆದೊಡನೆ ಮುಗಿಯುವುದಿಲ್ಲ. ಎಂಜಲೆತ್ತಿ, ನೆಲ ಸಾರಿಸಿದ ಮೇಲೆಯೇ ಊಟ ಮುಗಿಯಿತೆಂದು ಲೆಕ್ಕ. ದಾಸೋಹವೆಂದರೆ ತಾನು ದಾಸನೆಂದು ತಿಳಿದು ಮಾಡುವ ಸೇವೆಯಾದರೆ, ನೀಡುವ ಕೈಗೆ ಮಾತ್ರ ದಾಸತ್ವ, ಎತ್ತುವ ಕೈಗೆ ಇಲ್ಲವೆಂದರೆ ಹೇಗೆ? ಅನ್ನದ ಪುಣ್ಯ ನಮಗೆ, ಎಂಜಲು ಕಾಡಿಗೆ ಎಂಬ ಪಾಲು ನ್ಯಾಯವಾದ ಪಾಲಲ್ಲ.

ವಾಚಕರಲ್ಲಿ ಕೆಲವರು ಇಷ್ಟನ್ನು ಓದಿ ತಲೆದೂಗಿ, ಈ ಹಳ್ಳಿಯ ಜನರಿಗೆ ತಿಳಿವಳಿಕೆ ಬರುವುದು ಯಾವಾಗ ಎಂದಾರು. ಅವರೊಡನೆಯೂ ನನಗೆ ಜಗಳವಿದೆ. ನಡೆದು ಹೋಗುವ ಬಡವನು ವರ್ಷಕ್ಕೊಮ್ಮೆ, ಇಲಾಖೆ ತೆರೆದ ದಿನಗಳಲ್ಲಿ, ತನ್ನ ಕಾಲಿನಷ್ಟು ಅಗಲದ ಹಾದಿಯನ್ನು ತುಳಿಯುತ್ತಾನೆ. ಮೋಟಾರಿನಲ್ಲಿ ಹೋಗುವ ನಾವು ವರ್ಷವಿಡೀ ಡಾಂಬರಿನ ರಸ್ತೆಯಲ್ಲಿ ಅದೇ ಕಾಡನ್ನು ಸೀಳಿಕೊಂಡು ಹೋಗುತ್ತೇವೆ. ಆ ರಸ್ತೆಯನ್ನು ರಾತ್ರಿಯ ಹೊತ್ತು ಮುಚ್ಚುತ್ತಾರೆಂದು ಗೊಣಗುವವರು ನಡೆದು ಬಂದವರಲ್ಲ. ಕೃಷ್ಣೆಗೆ ಅಡ್ಡಲಾಗಿ ಶ್ರೀಶೈಲದಲ್ಲಿ ಎದ್ದ ಅಣೆಕಟ್ಟು ಎಷ್ಟೋ ಊರುಗಳನ್ನೂ ಕಾಡನ್ನೂ ಮುಳುಗಿಸಿತು. ಅದರ ದೀಪ ಉರಿಯುವುದು ಊರು ಪಟ್ಟಣಗಳಲ್ಲಿ. ಇದೇನೂ ನಮಗೆ ದೂರದ ಸಂಗತಿಯಲ್ಲ, ಆಲಮಟ್ಟಿಯ ಹಿನ್ನೀರಿನಲ್ಲಿ ಊರು ಕಳಕೊಂಡವರು ನಮ್ಮ ನಡುವೆಯೇ ಇದ್ದಾರೆ. ಆದ್ದರಿಂದ ಸಂಯಮದ ಪಾಠ ಬರಿಗಾಲಿನವನಿಂದ ಆರಂಭವಾಗಬೇಕೆಂಬುದು ಅನ್ಯಾಯ. ಹೆಚ್ಚು ತೆಗೆದುಕೊಂಡವರು ಮೊದಲು ಬಿಟ್ಟುಕೊಡಬೇಕು. ಆದರೆ, ನಮ್ಮ ತಪ್ಪು ದೊಡ್ಡದೆಂಬ ಕಾರಣದಿಂದ ಅವನ ಬೆಂಕಿಕಡ್ಡಿ ಕಾಡನ್ನು ಸುಡದೆ ಬಿಡುವುದಿಲ್ಲ. ನ್ಯಾಯವಾದ ದೂರು ಇದ್ದಮಾತ್ರಕ್ಕೆ ಯಾರ ಕರ್ತವ್ಯವೂ ತೀರಿಹೋಗುವುದಿಲ್ಲ.

ಹಾಗಾದರೆ ಆ ಬೆಟ್ಟದ ಮೇಲೆ ನಮಗಿರುವ ಹಕ್ಕು ಎಂಥದು? ಹಾದಿ ನಮ್ಮ ಹಿರಿಯರದು ಎಂಬುದು ಒಂದು ವಾದ; ಕಾಡು ಮೃಗಗಳದು, ಮನುಷ್ಯ ಹೊರಗಿರಲಿ ಎಂಬುದು ಇನ್ನೊಂದು. ಎರಡರಲ್ಲೂ ಒಡೆತನದ ದನಿಯೇ ಇದೆ. ಆ ದಿನ ಒಬ್ಬ ಹುಡುಗ ನೀರು ಕುಡಿದು ಚೀಟವನ್ನು ಹಾದಿಯ ಬದಿಗೆ ಎಸೆದಾಗ, ಪಂಜದ ಗುರುತಿಗೆ ಕೈಮುಗಿದಿದ್ದ ಅಜ್ಜಿಯೇ ಅವನನ್ನು ತಡೆದು, "ಮಗಳ ಮನಿಗೆ ಹೊಂಟೀವಿ. ಆಕಿ ಅಂಗಳದಾಗ ಕಸಾ ಚೆಲ್ಲತಾರೇನೋ ತಮ್ಮಾ?" ಎಂದಳು. ಹುಡುಗ ನಾಚಿ ಅದನ್ನು ಎತ್ತಿ ಚೀಲಕ್ಕೆ ಹಾಕಿಕೊಂಡ. ಫಲಕ ಮಾಡದ ಕೆಲಸವನ್ನು ಆ ಮಾತು ಮಾಡಿತು.

ಅಜ್ಜಿಯ ಮಾತು ಅಲಂಕಾರವಲ್ಲ. ನಮ್ಮ ಸೀಮೆಯ ಭಕ್ತರು ಶ್ರೀಶೈಲದ ಭ್ರಮರಾಂಬೆಯನ್ನು ತಮ್ಮ ಮನೆಮಗಳೆಂದೂ ಮಲ್ಲಯ್ಯನನ್ನು ಅಳಿಯನೆಂದೂ ಭಾವಿಸುತ್ತಾರೆ. ಯುಗಾದಿಗೆ ಹೋಗುವಾಗ ಸೀರೆ, ಕುಪ್ಪಸ, ಅರಿಸಿನ ಕುಂಕುಮ ಕಟ್ಟಿಕೊಂಡು ಹೋಗುವುದು ಮಗಳಿಗೆ ಉಡಿ ತುಂಬುವುದಕ್ಕಾಗಿ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಆ ಕಾಡಿನ ಚೆಂಚು ಜನರೂ ಮಲ್ಲಯ್ಯನನ್ನು ತಮ್ಮ ಅಳಿಯನೆಂದೇ ಕರೆಯುತ್ತಾರೆ. ಬೇಟೆಗೆ ಬಂದ ಶಿವನು ಚೆಂಚರ ಹುಡುಗಿಗೆ ಮನಸೋತು ಮದುವೆಯಾದನೆಂದು ಅವರ ಕಥೆ. ಅವರಿಗೆ ಅವನು ಚೆಂಚು ಮಲ್ಲಯ್ಯ. ಬಯಲಿನ ನಾವು, ಕಾಡಿನ ಅವರು, ಒಂದೇ ಮನೆಗೆ ಹೆಣ್ಣು ಕೊಟ್ಟ ಎರಡು ಮನೆತನದವರಾದೆವು.

ಮಗಳ ಮನೆಯೆಂದರೆ ಬೀಗರ ಮನೆ. ಅಲ್ಲಿ ನಮಗೆ ಹಕ್ಕಿಲ್ಲವೆಂದು ಯಾರೂ ಅನ್ನಲಾರರು. ಹೋಗದಿದ್ದರೆ ಮಗಳು ನೊಂದಾಳು, ಊರು ಆಡಿಕೊಂಡೀತು. ಆದರೆ ಆ ಹಕ್ಕಿಗೆ ಅದರದೇ ಆದ ನಡವಳಿಕೆಯಿದೆ. ಬರಿಗೈಯಲ್ಲಿ ಹೋಗುವಂತಿಲ್ಲ. ಹೋದಲ್ಲಿ ದನಿ ಎತ್ತರಿಸುವಂತಿಲ್ಲ. ಅವರ ಗಡಿಗೆಯ ಮುಚ್ಚಳ ತೆಗೆದು ನೋಡುವಂತಿಲ್ಲ. ಅವರ ನೀರು ತೀರುವ ಹಾಗೆ ಕುಡಿಯುವಂತಿಲ್ಲ. 'ಇನ್ನೆರಡು ದಿನ ಇರಿ' ಎಂದು ಅವರು ಅನ್ನುವಾಗಲೇ ಎದ್ದು ಹೊರಡುವವನು ಮಾನವಂತ. ಬೀಗರ ಮನೆಯನ್ನು ತನ್ನದೆಂದು ತಿಳಿದವನಿಗೂ, ಬೀಗರೇ ಬೇಡವೆಂದು ಸಂಬಂಧ ಕಡಿದುಕೊಂಡವನಿಗೂ ಮಗಳು ಸಿಗುವುದಿಲ್ಲ.

ಬೆಟ್ಟದೊಡನೆ ಮನುಷ್ಯನಿಗಿರಬೇಕಾದ ಸಂಬಂಧ ಇದೇ ಎಂದು ನನಗೆ ತೋರುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ರೆಡ್ಡಿ ವಂಶದ ಪ್ರೋಲಯ ವೇಮನು ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದನು. ಮೆಟ್ಟಿಲು ಏರುವುದನ್ನು ಸುಲಭ ಮಾಡುತ್ತದೆ. ಆದರೂ ಇಲ್ಲಿ ಕಾಲಿಡು ಎಂದು ತೋರಿಸಿ, ಅತ್ತಿತ್ತ ಹೋಗಬೇಡವೆಂದು ಮೆಲ್ಲಗೆ ಹೇಳುತ್ತದೆ. ವಿಜಯನಗರದ ಕಾಲದ ಗುಡಿಯ ಪ್ರಾಕಾರದ ಗೋಡೆಯ ಮೇಲೆ ದೇವರ ಕಥೆಗಳ ಜತೆಗೆ ಬೇಟೆಗಾರರನ್ನೂ ಆನೆ, ಜಿಂಕೆ ಮುಂತಾದ ಮೃಗಗಳನ್ನೂ ಸಾಲುಸಾಲಾಗಿ ಕೆತ್ತಿದ್ದಾರೆ. ಅದನ್ನು ಕಟ್ಟಿದವರಿಗೆ ಗುಡಿ ಬೇರೆ, ಕಾಡು ಬೇರೆ ಎನಿಸಿರಲಿಲ್ಲ. ಅಕ್ಕಮಹಾದೇವಿಯಂತೂ ಆ ಕಾಡಿನ ಹಕ್ಕಿ ದುಂಬಿಗಳನ್ನೇ ತನ್ನ ಒಡೆಯನ ಸುಳಿವು ಕೇಳಿದವಳು. ಮನೆಗೆ ಹೊಸಬರಾಗಿ ಬಂದವರು ಮನೆಯಲ್ಲಿದ್ದವರನ್ನು ಕೇಳುವುದು ಲೋಕದ ರೀತಿ. ಅವಳು ಆ ರೀತಿಯನ್ನು ತಪ್ಪಲಿಲ್ಲ.

ಮುಂದೆ ಒಂದು ಕಾಲಕ್ಕೆ, ಮಳೆಯಿಲ್ಲದ ವರ್ಷದಲ್ಲಿ, ಈ ಯುಗಾದಿಗೆ ಇಷ್ಟೇ ಜನ ಕಾಡು ಹೊಗಬೇಕೆಂಬ ಕಟ್ಟಳೆ ಬಂದರೂ ಬಂದೀತು. ಆಗ ನಮ್ಮವರು ಸಿಟ್ಟಾಗುವುದು ಸಹಜ. ಆದರೆ ಅಂಥ ದಿನಕ್ಕೆ ಬೇಕಾದ ರೂಢಿ ನಮ್ಮ ಹಳ್ಳಿಗಳಲ್ಲಿ ಆಗಲೇ ಇದೆ. ಯಾತ್ರಿಕರು ಊರು ಬಿಡುವ ಮುಂಜಾನೆ ಅಗಸೆಯ ಬಾಗಿಲಿಗೆ ಹೋಗಿ ನೋಡಿರಿ. ಕಾಲಿಲ್ಲದ ಮುದುಕರು, ಬಾಣಂತಿಯರು, ಹೊಲ ಬಿಟ್ಟು ಬರಲಾರದವರು ಅಲ್ಲಿ ಬಂದು ನಿಂತಿರುತ್ತಾರೆ. ಒಂದು ತೆಂಗಿನಕಾಯಿ, ಒಂದು ಊದಿನಕಡ್ಡಿಯ ಕಟ್ಟು, ಮಡಿಕೆ ಮಾಡಿದ ಹತ್ತು ರೂಪಾಯಿಯ ನೋಟನ್ನು ಹೊರಟವರ ಕೈಯಲ್ಲಿಟ್ಟು, "ನನ್ನ ಹೆಸರಲೆ ಒಂದು ಕಾಯಿ ಒಡಸರಿ" ಎನ್ನುತ್ತಾರೆ. ಹದಿನೈದು ದಿನದ ಮೇಲೆ ಬಂದ ಪ್ರಸಾದವನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಅವರ ಯಾತ್ರೆ ನಡೆದವರ ಯಾತ್ರೆಗಿಂತ ಕಡಿಮೆಯದೆಂದು ನಮ್ಮ ಊರಿನಲ್ಲಿ ಈವರೆಗೆ ಯಾರೂ ಅಂದದ್ದು ನಾನು ಕೇಳಿಲ್ಲ. ಮನೆಗೊಬ್ಬರು, ಸರದಿಯಂತೆ, ಉಳಿದವರ ಕಾಯಿಯನ್ನೂ ಹೊತ್ತು ಹೋಗಿ ಬಂದರೆ ಮಲ್ಲಯ್ಯನಿಗೆ ಕೊರತೆಯಾಗದು. ಕೆರೆಯ ನೀರಿಗೆ ಬಂದ ಕಡವೆಗೂ ಒಂದು ರಾತ್ರಿ ಬಿಡುವು ಸಿಕ್ಕೀತು.